ಮದುವೆಗದ್ದೆಯಿಂದ ಹೊರಟ ದಿಬ್ಬಣ

ಮಾರ್ಚ್ ತಿಂಗಳ ಕೊನೆಯ ವಾರ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಬೆಳ್ಳಾರೆ ಬಸ್ಸಿನ ಬಲಬದಿಯ ಕಿಟಕಿ ಸೀಟು ನಿಮಗಿರಲಿ, ಆ ಬದಿಗೆ ಬಿಸಿಲು ಕಡಿಮೆ. ಡ್ರೈವರನ ಹಿಂದೆ ಗೋಣಿಯೊಂದರಲ್ಲಿ ಗುಜ್ಜೆ, ಅದರ ಮೇಲೆ ಹಗ್ಗ ಬಿಗಿದ ಪೇಪರಿನ ಕಟ್ಟು, ಅದರ ಮೇಲೆ ಕಂಡಕ್ಟರನ ಬುತ್ತಿ. ಕುಂಬ್ರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದ್ದೇ ತಡ, ಗೇರುಹಣ್ಣಿನ ವಾಸನೆ ಕಿಟಕಿಯಿಂದ ನುಗ್ಗುತ್ತದೆ. ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ, ಮೂಗಿನ ಬುಡದಲ್ಲಿ ಒಗರಾಗಿ ನಿಲ್ಲುವ ಆ ವಾಸನೆಗೆ ನಮ್ಮಲ್ಲಿ ಪರೀಕ್ಷೆ ಮುಗಿಯಿತು ಅಂತಲೇ ಅರ್ಥ. ರಸ್ತೆ ಏರುತ್ತದೆ, ತಿರುಗುತ್ತದೆ, ಇಳಿಯುತ್ತದೆ. ಇಳಿದಲ್ಲೆಲ್ಲ ತೋಡು, ತೋಡಿನ ಬದಿಯಲ್ಲಿ ಅಡಿಕೆ ತೋಟ, ತೋಟದೊಳಗೆ ಸ್ಪ್ರಿಂಕ್ಲರು ಚಿಟಿಚಿಟಿ ತಿರುಗುವ ಸದ್ದು. ಏರಿದಲ್ಲೆಲ್ಲ ಬೋಳು ಗುಡ್ಡ, ಮುರಕಲ್ಲು, ಒಣಗಿದ ಮುಳಿಹುಲ್ಲು. ಈ ಸೀಮೆಯಲ್ಲಿ ನಡೆದುಹೋಗುವವನಿಗೆ ಒಂದು ಮೈಲಿ ಅಂದರೆ ಒಂದು ಮೈಲಿಯಲ್ಲ, ಎರಡು ಗುಡ್ಡ.

ಅದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು. ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಹೋದ ದಾರಿಯನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಸಲ ಎಳೆದಿದ್ದೇನೋ ಲೆಕ್ಕವಿಲ್ಲ. ಬೊರೊಡಿನೊ ಅನ್ನುವ ಹಳ್ಳಿ ಬಂದಾಗ ಒಂದು ಕತ್ತರಿ ಗುರುತು, ಮಾಸ್ಕೋ ಬಂದಾಗ ಒಂದು ಬೆಂಕಿಯ ಚಿತ್ರ. ಮಕ್ಕಳಿಗೂ ಖುಷಿ, ನನಗೂ ಖುಷಿ. ಅದೇ ಕೋಣೆಯ ಕಿಟಕಿಯಾಚೆ, ಈಗ ನಾವು ಹೋಗುತ್ತಿರುವ ದಾರಿಯಲ್ಲೇ ಒಂದು ದಂಡು ನಡೆದು ಹೋಗಿತ್ತು ಅನ್ನುವುದು ಪಠ್ಯದಲ್ಲಿರಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿ ಮಾತ್ರ ನಾವು ಮಕ್ಕಳು ಅಟ್ಟ ಹತ್ತಿ ಗದ್ದಲ ಮಾಡಿದಾಗ ಬಯ್ಯುತ್ತಿದ್ದರು: "ಎಂತದಿದು, ಕಲ್ಯಾಣಪ್ಪನ ಕಾಟಕಾಯಿಯಾ?" ಕಲ್ಯಾಣಪ್ಪ ಯಾರು, ಕಾಟಕಾಯಿ ಎಂತದು ಎಂದು ನಾವು ಕೇಳಲಿಲ್ಲ. ಬೈಗುಳಕ್ಕೆ ಯಾರು ಅರ್ಥ ಕೇಳುತ್ತಾರೆ?

ಬೆಳ್ಳಾರೆ ಪೇಟೆಯಲ್ಲಿ ಇಳಿದರೆ ಮೊದಲು ಎದುರಾಗುವುದು ಅಡಿಕೆ. ಜಗಲಿಯಲ್ಲಿ ಗೋಣಿಗಳು ಬಾಯಿ ತೆರೆದು ಕೂತಿವೆ. ತಂದವನು ಒಂದು ಮುಷ್ಟಿ ತೆಗೆದು ಮೇಜಿನ ಮೇಲೆ ಸುರಿಯುತ್ತಾನೆ. ಅಂಗಡಿಯವರು ಮಾತಾಡುತ್ತಲೇ ಬೆರಳ ತುದಿಯಿಂದ ಆಚೀಚೆ ಸರಿಸುತ್ತಾರೆ: ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು. ಒಂದನ್ನು ಅಡಕತ್ತರಿಗೆ ಕೊಟ್ಟು ಕಟ್ ಎಂದು ಸೀಳಿ ಒಳಗಿನ ಬಿಳುಪನ್ನು ಬೆಳಕಿಗೆ ಹಿಡಿಯುತ್ತಾರೆ. ಈ ವರ್ಷದ್ದು ಹೊಸತು, ಹೋದ ವರ್ಷದ್ದು ಸಿಂಗಲ್ ಚೋಲ್, ಅದಕ್ಕೂ ಹಿಂದಿನದು ಡಬ್ಬಲ್ ಚೋಲ್. ಹಳತಾದಷ್ಟೂ ಬೆಲೆ. ಸಾಲಗಾರರ ಕಾಟವಿಲ್ಲದವನು ಅಟ್ಟದಲ್ಲಿ ಇಟ್ಟುಕೊಂಡು ಕೂರುತ್ತಾನೆ, ಕಾಸಿನ ಅಡಚಣೆಯವನು ಅಂಗಳದಿಂದಲೇ ಅಂಗಡಿಗೆ ತರುತ್ತಾನೆ. ಇದಿಷ್ಟನ್ನು ನೆನಪಿಟ್ಟುಕೊಳ್ಳಿ, ಸಂಜೆಗೆ ಬೇಕಾಗುತ್ತದೆ.

ಪೇಟೆಯ ಬದಿಯಲ್ಲೇ ಬಂಗ್ಲೆಗುಡ್ಡೆ. ಏರುವಾಗ ಚಪ್ಪಲಿಯಡಿ ಜಲ್ಲಿಕಲ್ಲು ಜಾರುತ್ತದೆ. ಮೇಲೆ ನಿಂತು ಉಸಿರು ಬಿಟ್ಟರೆ ಕೆಳಗೆ ತೆಂಗು, ಅಡಿಕೆ, ಹೆಂಚು, ತಗಡು, ಸುತ್ತಲೂ ನೀಲಿಯಾಗುತ್ತ ಹೋಗುವ ಬೆಟ್ಟಸಾಲು. ಖಜಾನೆ ಇಡುವವನು ಇಂಥ ಜಾಗವನ್ನೇ ಹುಡುಕುತ್ತಾನೆ. ಬರುವವನು ಎತ್ತಿನ ಗಾಡಿಯಲ್ಲಿರಲಿ, ಕುದುರೆಯಲ್ಲಿರಲಿ, ಮೇಲಿದ್ದವನಿಗೆ ಕಾಣದೆ ಬರುವಂತಿಲ್ಲ. ಕಂಪನಿ ಸರಕಾರದ ಖಜಾನೆ ಇದ್ದದ್ದು ಇಲ್ಲಿ. 1837ರ ಮಾರ್ಚ್ ಕೊನೆಯಲ್ಲಿ, ಇಂಥದೇ ಬಿಸಿಲಿನ ದಿನಗಳಲ್ಲಿ, ರೈತರ ದಂಡೊಂದು ಈ ಗುಡ್ಡ ಹತ್ತಿ ಅದನ್ನು ಕೈವಶ ಮಾಡಿಕೊಂಡಿತು. ಕಾವಲಿನವರು ಬರುವವರನ್ನು ಕಂಡಿರಲೇಬೇಕು. ಕಂಡದ್ದೇ ಅವರ ಧೈರ್ಯ ಕೆಡಿಸಿತೋ ಏನೋ.

ಗೌರಿಹೊಳೆಯಲ್ಲಿ ಈಗ ಕಲ್ಲಿನ ನಡುವೆ ಉಳಿದಿರುವುದು ಹೊಂಡದ ನೀರು. ಅದನ್ನು ಹಿಂದೆ ಬಿಟ್ಟು, ನಿಂತಿಕಲ್ಲಿನಲ್ಲಿ ಒಂದು ಚಾ ಕುಡಿದು, ಕಡಬ ತಾಲೂಕಿನ ಕಡೆಗೆ ಸ್ವಲ್ಪ ಸುತ್ತು ಹೊಡೆಯೋಣ. ಅಲ್ಲಿ ಕಾಡು ಹತ್ತಿರ ಬರುತ್ತದೆ. ರಬ್ಬರಿನ ಸಾಲು, ಪ್ರತಿ ಮರಕ್ಕೂ ಕಟ್ಟಿದ ಚಿಪ್ಪು, ಚಿಪ್ಪಿನಲ್ಲಿ ಹಾಲು, ಹಾಲಿನ ಹುಳಿನಾತ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಜನ ಯಾತ್ರಿಕರು, ಅರ್ಧ ಜನ ಸಂತೆಚೀಲದವರು. ಕ್ಷೇತ್ರಕ್ಕೆ ಮುಟ್ಟುವ ಮೊದಲು ಕುಳ್ಕುಂದ. ಯಾತ್ರಿಕರು ಇಲ್ಲಿ ಇಳಿಯುವುದಿಲ್ಲ. ನಾವು ಇಳಿಯೋಣ. ಈ ಊರಿನ ಶಿವರಾಯ ಎಂಬ ಹುಡುಗ, 1924ರಲ್ಲಿ ಹುಟ್ಟಿದವನು, ಮುಂದೆ ನಿರಂಜನ ಎಂಬ ಹೆಸರಿನಲ್ಲಿ ಬರೆದ. ಕಯ್ಯೂರಿನ ರೈತರ ಕತೆಯಾದ 'ಚಿರಸ್ಮರಣೆ' ಎಲ್ಲರಿಗೂ ಗೊತ್ತು. ಅಜ್ಜಿಯ ಬೈಗುಳದ ಕಲ್ಯಾಣಪ್ಪನನ್ನು ಬೈಗುಳದಿಂದ ಬಿಡಿಸಿ 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯ ಮನುಷ್ಯನನ್ನಾಗಿ ಮಾಡಿದ್ದೂ ಅವರೇ. ನಾನು ಅದನ್ನು ಓದಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ, ಒಂದು ಮಳೆಗಾಲದ ರಜೆಯಲ್ಲಿ. ಓದಿ ಮುಗಿಸಿದಾಗ ಹೊಳೆದದ್ದು ಒಂದೇ: ನಾನು ಮಕ್ಕಳಿಗೆ ಎಳೆದುಕೊಟ್ಟ ದಾರಿಗಳೆಲ್ಲ ಬೇರೆಯವರ ಊರಿನವು.

ಕಲ್ಯಾಣಸ್ವಾಮಿ ಎಂಬ ಹೆಸರಿಗೆ ಆ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಮೈ ಇದ್ದವು. ಕಂಪನಿಯವರು 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯವನ್ನು ನುಂಗಿದ ಮೇಲೆ, ಹಾಲೇರಿ ಅರಸರ ವಂಶದವರು ತಾವೆಂದು ಹೇಳಿಕೊಂಡ ಜಂಗಮರು ಊರೂರು ತಿರುಗಿದರು. ಅಪರಂಪಾರ ಎಂಬವನು ಸಿಕ್ಕಿಬಿದ್ದ, ಕಲ್ಯಾಣಸ್ವಾಮಿ ಎಂಬವನೂ ಸಿಕ್ಕಿಬಿದ್ದ. ಆದರೆ ಹೆಸರು ಸೆರೆಮನೆಗೆ ಹೋಗಲಿಲ್ಲ. ಸುಳ್ಯದವರು ಪುಟ್ಟಬಸಪ್ಪ ಎಂಬೊಬ್ಬನಿಗೆ ಅದೇ ಹೆಸರನ್ನು ತೊಡಿಸಿ ಎದುರಿಗೆ ನಿಲ್ಲಿಸಿಕೊಂಡರು. ಅರಸನಿಲ್ಲದೆ ದಂಡು ಕಟ್ಟುವುದು ಆಗಿನ ಮಂದಿಗೆ ಹೊಳೆಯದ ಮಾತು. ವರನಿಲ್ಲದೆ ದಿಬ್ಬಣ ಹೊರಡುವುದುಂಟೆ?

ದಿಬ್ಬಣದ ಮಾತು ಸುಮ್ಮನೆ ಎತ್ತಿದ್ದಲ್ಲ. ಗುತ್ತಿಗಾರು, ಎಲಿಮಲೆ ದಾಟಿ ಸುಳ್ಯ ಮುಟ್ಟುವಾಗ ಮೂರೂವರೆ ಗಂಟೆ. ಪಯಸ್ವಿನಿಯ ಮರಳಿನಲ್ಲಿ ಬಟ್ಟೆ ಹರವಿದ್ದಾರೆ. ಇಲ್ಲಿಂದ ಉಬರಡ್ಕ ಮಿತ್ತೂರಿಗೆ ದೂರವಿಲ್ಲ. ರಿಕ್ಷಾದವನಿಗೆ "ಮದುವೆಗದ್ದೆ" ಅಂದರೆ ಸಾಕು. ಎದುರಿಗೆ ಪೂಮಲೆಯ ಕಾಡು ಕಪ್ಪಗೆ ಏರಿ ನಿಂತಿದೆ. ಕೆದಂಬಾಡಿ ರಾಮಯ್ಯ ಗೌಡರು ಇಲ್ಲಿಯೇ ಮದುವೆಯ ನೆಪ ಹೂಡಿ ಜನ ಸೇರಿಸಿದ್ದು. ಚಪ್ಪರಕ್ಕೆ ಅಡಿಕೆ ಮರದ ಕಂಬ, ಮೇಲೆ ತೆಂಗಿನ ಮಡಲು, ಬಾಗಿಲಿಗೆ ಮಾವಿನೆಲೆ, ಒಲೆಯ ಮೇಲೆ ಕೊಪ್ಪರಿಗೆ, ಮೂಲೆಯಲ್ಲಿ ಸೋಬಾನೆಗೆ ಸ್ವರ ಹೊಂದಿಸುವ ಹೆಂಗಸರು. ನಾನು ಹೀಗೆ ಕಲ್ಪಿಸಿಕೊಳ್ಳುತ್ತೇನೆ. ಗೌಡರ ಮನೆಯ ಮದುವೆಗೆ ನೂರಾರು ಜನ ಸೇರಿದರೆ ಯಾವ ಅಧಿಕಾರಿಯೂ ಹುಬ್ಬೇರಿಸಲಾರ. ಬಂದವರ ಬಗಲಲ್ಲಿ ಕೋವಿ ಇದ್ದರೂ, ಕೋವಿ ಇಲ್ಲದ ಮನೆ ಆಗ ಈ ಕಡೆ ಎಷ್ಟಿದ್ದಾವು?

ಗದ್ದೆಯಿಂದ ಸ್ವಲ್ಪ ಆಚೆ ನನ್ನ ಪರಿಚಯದ ಗೌಡರೊಬ್ಬರ ಮನೆ. ಎಪ್ಪತ್ತು ದಾಟಿದವರು, ಹೆಗಲಲ್ಲಿ ಬೈರಾಸು. ಅಂಗಳದ ತುಂಬ ಒಣಗಿದ ಅಡಿಕೆ. ನಡೆಯಲು ಬಿಟ್ಟ ಒಂದಡಿ ದಾರಿಯಲ್ಲಿ ಕಾಲಿಟ್ಟರೆ ಸಿಪ್ಪೆಯ ಬಿಸಿ ಪಾದಕ್ಕೆ ತಾಗುತ್ತದೆ.

"ಬನ್ನಿ ಮಾಷ್ಟ್ರೇ, ಇವರನ್ನೂ ಕರೀರಿ. ಬಾಯಾರಿಕೆ ಕುಡೀರಿ ಮೊದಲು."

ಬೆಲ್ಲದ ತುಂಡು, ತಂಬಿಗೆಯಲ್ಲಿ ಬಾವಿಯ ನೀರು. ಆಮೇಲೆ ಪುನರ್ಪುಳಿಯ ಶರಬತ್ತು. ಜಗಲಿಯ ಗೋಡೆಯಲ್ಲಿ ಎರಡು ಕೊಕ್ಕೆ ಖಾಲಿ ಇವೆ, ನಡುವೆ ಸುಣ್ಣದ ಮೇಲೆ ಕೋವಿಯ ಉದ್ದಕ್ಕೆ ಒಂದು ಮಾಸಲು ಗೆರೆ.

"ಕೋವಿ ಎಲ್ಲಿ ಗೌಡ್ರೆ?"

"ಚುನಾವಣೆ ಬಂತಲ್ಲ, ಠಾಣೆಯಲ್ಲಿ ಕೂತಿದೆ. ಮಂಗಗಳಿಗೆ ಯಾರು ಸುದ್ದಿ ಕೊಟ್ಟರೋ, ಮರುದಿನವೇ ತೆಂಗಿನ ಮರಕ್ಕೆ ಬಂದವು. ಅವಕ್ಕೆ ನೀತಿಸಂಹಿತೆ ಇಲ್ಲ ನೋಡಿ."

ಪ್ರತಿ ಚುನಾವಣೆಯಲ್ಲೂ ಸುಳ್ಯ, ಪುತ್ತೂರು, ಕಡಬದ ಕೃಷಿಕರು ಬೆಳೆ ಕಾಯುವ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ಹಿಡಿದು ಬರುತ್ತಾರೆ. ಈ ಸೀಮೆಯ ಕೋವಿಗೆ ಸರಕಾರ ಸ್ವಲ್ಪ ಹೆದರುವುದು ಇವತ್ತಿನ ಅಭ್ಯಾಸವೇನಲ್ಲ ಎಂದು ನನಗೆ ಒಳಗೇ ನಗು.

ಚಾವಡಿಯ ಒಳಗೆ ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಪತ್ತಾಯ ಕಾಣಿಸುತ್ತದೆ. ಹಲಸಿನ ಹಲಗೆಯ ಭತ್ತದ ಪೆಟ್ಟಿಗೆ, ಒಬ್ಬ ಆಳು ಒಳಗಿಳಿದು ನಿಂತರೆ ತಲೆ ಮಾತ್ರ ಹೊರಗೆ ಕಾಣುವಷ್ಟು ಆಳ. ಅಂಚುಗಳು ತಲೆಮಾರುಗಳ ಕೈತಾಗಿ ಎಣ್ಣೆ ಹಚ್ಚಿದಂತೆ ಕಪ್ಪಾಗಿ ಮಿನುಗುತ್ತಿವೆ. ಮುಚ್ಚಳ ಎತ್ತಿದರೆ ಭತ್ತವಿಲ್ಲ. ಸ್ಪ್ರಿಂಕ್ಲರಿನ ಜೆಟ್ಟುಗಳು, ಹಳೇ ಪಂಪಿನ ವಾಶರು, ನೀಲಿ ಹರಳಿನ ಮೈಲುತುತ್ತಿನ ಚೀಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅದು ಬೇಕು. ಫ್ರಾನ್ಸಿನ ದ್ರಾಕ್ಷಿತೋಟದ ಊರಿನ ಹೆಸರು ಉಬರಡ್ಕದ ಪತ್ತಾಯದಲ್ಲಿ ಬಂದು ಕೂತಿರುವುದು ಹೀಗೆ. ಇಲ್ಲಿಯವರು ಆ ಹೆಸರನ್ನೂ ಹೇಳುವುದು ಕಡಿಮೆ. "ಮದ್ದು ಬಿಟ್ಟಾಯ್ತಾ?" ಅಷ್ಟೇ. ಕೋವಿಗೆ ತುಂಬುವುದೂ ಮದ್ದು, ಗೊನೆಗೆ ಬಿಡುವುದೂ ಮದ್ದು.

ಮಾಡಿನ ತೊಲೆಗೆ ಒಂದು ಅಕ್ಕಿಮುಡಿ ತೂಗುತ್ತಿದೆ, ದೇವಸ್ಥಾನಕ್ಕೆ ಹೊರೆಕಾಣಿಕೆಗೆಂದು ಕಟ್ಟಿಸಿದ್ದಂತೆ. ಬೈಹುಲ್ಲನ್ನು ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ದೊಡ್ಡ ಕುಂಬಳಕಾಯಿಯಷ್ಟು ಗುಂಡಗೆ ಮಾಡಿದ ಆ ಕಟ್ಟಿನಲ್ಲಿ ನಲವತ್ತೆರಡು ಸೇರು ಅಕ್ಕಿ. ಗೇಣಿ ಅಳೆಯುತ್ತಿದ್ದದ್ದು ಅದರಲ್ಲಿ, ಸಾಲ ಕೊಡುತ್ತಿದ್ದದ್ದು ಅದರಲ್ಲಿ, ಮನೆಯ ಮರ್ಯಾದೆ ಎಣಿಸುತ್ತಿದ್ದದ್ದೂ ಅದರಲ್ಲಿ. ಇಕ್ಕೇರಿಯವರ ಕೈಯಿಂದ ಕೊಡಗಿನ ಅರಸರಿಗೆ ಬಂದ ಈ ಅಮರ ಸುಳ್ಯ ಮಾಗಣೆಯಲ್ಲಿ ಕಂದಾಯವನ್ನೂ ಬೆಳೆದ ಬೆಳೆಯಿಂದಲೇ ತೀರಿಸಬಹುದಿತ್ತು. ಅಮರ ಅಂದರೆ ಸಾವಿಲ್ಲದ್ದು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅಮರಮುಡ್ನೂರು, ಅಮರಪಡ್ನೂರು ಅಂತ ಊರುಗಳು ಇಲ್ಲಿಯೇ ಪಕ್ಕದಲ್ಲಿವೆ, ಒಂದು ಮೂಡಿಗೆ, ಒಂದು ಪಡುವಿಗೆ. ಹೆಸರು ನೆಲದ್ದು, ಭಾಷಣದ್ದಲ್ಲ.

1834ರಲ್ಲಿ ಕಂಪನಿಯವರು ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಮಂಗಳೂರಿನ ಕಲೆಕ್ಟರರ ಕೆಳಗೆ ಹಾಕಿದರು. ಕಂದಾಯ ನಗದಿನಲ್ಲೇ ಬರಬೇಕು, ಹೇಳಿದ ತಾರೀಕಿಗೇ ಬರಬೇಕು ಎಂದರು. ಓದುವಾಗ ಇದು ಲೆಕ್ಕಪುಸ್ತಕದ ಸಣ್ಣ ತಿದ್ದುಪಡಿಯಂತೆ ಕಾಣುತ್ತದೆ. ಈ ಪತ್ತಾಯದ ಎದುರು ನಿಂತು ಯೋಚಿಸಿ. ಕೊಯ್ಲಿನ ಮರುವಾರವೇ ಎಲ್ಲರಿಗೂ ನಾಣ್ಯ ಬೇಕು, ಎಲ್ಲರೂ ಒಟ್ಟಿಗೆ ಭತ್ತ ಮಾರಲು ಹೊರಡುತ್ತಾರೆ, ಧಾರಣೆ ನೆಲಕಚ್ಚುತ್ತದೆ. ಕೊಳ್ಳುವವನು ಸಾಹುಕಾರ, ಸಾಲ ಕೊಡುವವನೂ ಅವನೇ. ಪತ್ತಾಯದಲ್ಲಿ ಭತ್ತ ಇಟ್ಟುಕೊಂಡು ಆಷಾಢದವರೆಗೆ ಕಾಯುವ ಅನುಕೂಲ ಒಂದೇ ಏಟಿಗೆ ಹೋಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪನಿಯ ಏಕಸ್ವಾಮ್ಯ ಬೇರೆ. ದಂಗೆಯವರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೊಟ್ಟ ಮಾತೂ ಅದೇ: ಮೂರು ವರ್ಷ ಕಂದಾಯವಿಲ್ಲ, ಉಪ್ಪು ಹೊಗೆಸೊಪ್ಪುಗಳಿಗೆ ಸುಂಕವಿಲ್ಲ. ಕೊಡಗಿನ ಸಿಂಹಾಸನದ ಮಾತನ್ನು ಎಲ್ಲರೂ ಬರೆದಿದ್ದಾರೆ. ನನಗೆ ಕಾಣುವುದು ಈ ಪೆಟ್ಟಿಗೆ.

ಹೊರಗೆ ಸುಲಿಯುವವರು ಕೂತಾಗಿದೆ. ಮೂವರು ಗಂಡಸರು, ಗೌಡರ ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು. ಮಣೆಗೆ ನೆಟ್ಟ ಕಬ್ಬಿಣದ ಮೊನೆಗೆ ಅಡಿಕೆಯನ್ನು ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬಿಡುತ್ತದೆ. ಅಡಿಕೆ ಬುಟ್ಟಿಗೆ ಬೀಳುವ ಸದ್ದು ಟಕ್, ಟಕ್, ಟಕ್. ಒಬ್ಬರದು ನಿಧಾನ, ಒಬ್ಬರದು ಚುರುಕು, ಆದರೂ ಐದು ನಿಮಿಷದಲ್ಲಿ ಎಲ್ಲರ ಕೈಯೂ ಒಂದೇ ತಾಳಕ್ಕೆ ಬರುತ್ತದೆ. ಮಾತು ಅರೆಭಾಷೆಯಲ್ಲಿ ಶುರುವಾಗಿ ತುಳುವಿಗೆ ಜಾರಿ, ನಮ್ಮನ್ನು ನೋಡಿ ಕನ್ನಡಕ್ಕೆ ಬರುತ್ತದೆ. ಸಂಪಾಜೆ, ಅರಂತೋಡು ಕಡೆಯ ಹಳದಿ ಎಲೆ ರೋಗ, ಬರಲಿರುವ ಪುತ್ತೂರು ಜಾತ್ರೆ, ಯಾರದೋ ಮಗಳ ಕೆನಡಾ. ಗೌಡರು ದಂಗೆಯ ಕತೆ ತೆಗೆದದ್ದು ಸಿಪ್ಪೆಯ ರಾಶಿ ಮೊಣಕಾಲಿಗೆ ಬಂದ ಮೇಲೆ.

ಕಂಪನಿಗೆ ಹತ್ತಿರದವನೆಂದು ಊರೇ ಹಲ್ಲು ಕಡಿಯುತ್ತಿದ್ದ ಅಟ್ಲೂರು ರಾಮಪ್ಪಯ್ಯನನ್ನು ಪೂಮಲೆಯಲ್ಲಿ ಮುಗಿಸಿದರು. ಅಲ್ಲಿಗೆ ಮದುವೆಯ ನೆಪ ಹರಿದುಹೋಯಿತು. ದಂಡು ಬೆಳ್ಳಾರೆಗೆ ಇಳಿಯಿತು. ಖಜಾನೆ ಕೈಗೆ ಬಂದ ಮೇಲೆ ಅದು ಕವಲೊಡೆಯಿತು: ಒಂದಷ್ಟು ಜನ ಕಾಸರಗೋಡು, ಕುಂಬಳೆಯ ಕಡೆಗೆ, ಒಂದಷ್ಟು ಜನ ಸುಬ್ರಹ್ಮಣ್ಯ, ಬಿಸಲೆ ಘಾಟಿಯ ಕಡೆಗೆ, ದೊಡ್ಡ ದಂಡು ಪುತ್ತೂರಿಗೆ. ಕಲೆಕ್ಟರ್ ಲೆವಿನ್ ಸಿಪಾಯಿಗಳೊಡನೆ ಪುತ್ತೂರಿನವರೆಗೆ ಬಂದ. ಗುಡ್ಡದಿಂದ ಗುಡ್ಡಕ್ಕೆ ಜನ ಹೆಚ್ಚುತ್ತಿದ್ದುದನ್ನು ಕಂಡು ಬಂದ ದಾರಿಯಲ್ಲೇ ಮಂಗಳೂರಿಗೆ ವಾಪಸಾದ. ಹಿಂದಿನಿಂದ ದಂಡು. ಪಾಣೆಮಂಗಳೂರಿನ ಹೊಳೆ ದಾಟಿದರು, ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆ ಸೇರಿದ. ಏಪ್ರಿಲ್ 5ಕ್ಕೆ ಮಂಗಳೂರಿನ ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿಯಿತು. ಸುಳ್ಯದಿಂದ ಮಂಗಳೂರಿಗೆ ಹತ್ತಿರಹತ್ತಿರ ತೊಂಬತ್ತು ಕಿಲೋಮೀಟರು, ಈಗಿನ ರಸ್ತೆಯಲ್ಲಿ. ಆಗ ಕಾಲ್ದಾರಿ, ಏರು, ಇಳಿವು, ಬಿಸಿಲು. ವಾರದೊಳಗೆ ಮುಟ್ಟಿದ್ದರು. ಕಚೇರಿ ಸುಟ್ಟರು, ಜೈಲಿನ ಬಾಗಿಲು ತೆರೆದರು. ಆ ಗುಡ್ಡಕ್ಕೆ ಬಾವುಟಗುಡ್ಡೆ ಎಂದೇ ಹೆಸರು. 2022ರ ನವೆಂಬರಿನಿಂದ ಅಲ್ಲಿ ರಾಮಯ್ಯ ಗೌಡರ ಕಂಚಿನ ಮೂರ್ತಿ ನಿಂತಿದೆ.

"ನೆಪೋಲಿಯನ್ನನ ದಂಡು ಎಷ್ಟಿತ್ತು ಮಾಷ್ಟ್ರೇ?" ಗೌಡರು ಕೇಳಿದ್ದು. ಅವರ ಮೊಮ್ಮಗ ನನ್ನ ಶಿಷ್ಯ, ಹಾಗಾಗಿ ಆ ಕರಿಹಲಗೆಯ ಸುದ್ದಿ ಇಲ್ಲಿಗೂ ಬಂದಿದೆ.

ಹೇಳಿದೆ. ಬೊರೊಡಿನೊದಲ್ಲಿ 1812ರ ಸೆಪ್ಟೆಂಬರ್ 7ರಂದು ಫ್ರೆಂಚರೂ ರಷ್ಯನ್ನರೂ ಸೇರಿ ಎರಡೂವರೆ ಲಕ್ಷದಷ್ಟು ಜನ. ಒಂದೇ ಹಗಲಿನಲ್ಲಿ ಸತ್ತವರು, ಗಾಯಗೊಂಡವರು ಎಪ್ಪತ್ತು ಸಾವಿರ ದಾಟಿದರು. ಟಕ್ ಟಕ್ ಒಂದು ಕ್ಷಣ ನಿಂತಿತು.

"ಅಷ್ಟು ಜನಕ್ಕೆ ಊಟ?"

ಪಾಠ ಮಾಡುವಾಗ ಈ ಪ್ರಶ್ನೆಯನ್ನು ಒಬ್ಬ ಹುಡುಗನೂ ಕೇಳಿರಲಿಲ್ಲ. ಆ ಯುದ್ಧದ ತಿರುಳೇ ಅದು. ರಷ್ಯನ್ನರು ಹಿಂದೆ ಸರಿಯುತ್ತ ಕಣಜಗಳನ್ನು ಸುಟ್ಟರು, ಎದುರಾಳಿಗೆ ಕಾಳು ಉಳಿಸಲಿಲ್ಲ. ಮಾಸ್ಕೋ ಸೇರಿದ ನೆಪೋಲಿಯನ್ನನಿಗೆ ಸಿಕ್ಕಿದ್ದು ಜನ ಬಿಟ್ಟುಹೋದ, ಹೊತ್ತಿ ಉರಿಯುವ ಊರು. ಅಕ್ಟೋಬರಿನಲ್ಲಿ ವಾಪಸು ಹೊರಟವನ ದಂಡನ್ನು ಹಸಿವೂ ಚಳಿಯೂ ತಿಂದವು. ಅದಾಗಿ ಇಪ್ಪತ್ತೈದೇ ವರ್ಷಕ್ಕೆ ಇಲ್ಲಿಂದ ಹೊರಟ ದಿಬ್ಬಣದ ಸಂಖ್ಯೆ ಅದರ ಮುಂದೆ ಸೊನ್ನೆ. ಊಟದ ಪ್ರಶ್ನೆ ಮಾತ್ರ ಅದೇ. ಅವಲಕ್ಕಿ, ಬೆಲ್ಲ ಕಟ್ಟಿಕೊಂಡು ಹೊರಟರೆ ಎಷ್ಟು ದಿನ ಬಂದೀತು? ಮೂರನೇ ದಿನ ಯಾರದೋ ಪತ್ತಾಯದ ಮುಚ್ಚಳ ತೆಗೆಯಲೇಬೇಕು. ಕೆಲವರು ತಾವೇ ತೆಗೆದುಕೊಟ್ಟಾರು, ಕೆಲವರಿಂದ ಕಿತ್ತುಕೊಂಡಿರಬೇಕು. 'ಕಾಟಕಾಯಿ' ಎಂಬ ಮಾತಿನೊಳಗೆ ಲೂಟಿಯ, ಕಾಟದ ನೆನಪಿದೆ. ಅದನ್ನು ಬಿಳಿಯರು ಹುಟ್ಟಿಸಿದ ಅಪಪ್ರಚಾರ ಅನ್ನುವವರಿದ್ದಾರೆ. ಇರಬಹುದು. ಆದರೆ ನಮ್ಮ ಅಜ್ಜಿ ಬಿಳಿಯರಿಂದ ಕಲಿತದ್ದಲ್ಲ. ಪತ್ತಾಯಕ್ಕಾಗಿ ಎದ್ದ ದಂಗೆ, ದಾರಿಯಲ್ಲಿ ಇನ್ನೊಬ್ಬರ ಪತ್ತಾಯವನ್ನೂ ಖಾಲಿ ಮಾಡಿರುತ್ತದೆ. ಸಮರ ಎಂದು ಕಲ್ಲಿನಲ್ಲಿ ಕೆತ್ತುವಾಗ ಈ ಹಳೇ ಬೈಗುಳವನ್ನು ಅಳಿಸಿಹಾಕಬೇಕಾಗಿಲ್ಲ ಅಂತ ನನಗನ್ನಿಸುತ್ತದೆ. ಗೌಡರು ಒಪ್ಪಲಿಲ್ಲ. "ಅದು ಬೇರೆ ಮಾಷ್ಟ್ರೇ" ಅಂದರು, ಬೇರೆ ಹೇಗೆಂದು ಹೇಳಲಿಲ್ಲ.

ಮಂಗಳೂರು ಅವರ ಕೈಯಲ್ಲಿದ್ದದ್ದು ಹದಿಮೂರು ದಿನ ಎನ್ನುತ್ತಾರೆ. ಗುಡ್ಡದ ಮಕ್ಕಳಿಗೆ ಗುಡ್ಡದ ದಾರಿ ಗೊತ್ತಿತ್ತು, ಕಡಲಿನ ದಾರಿ ಗೊತ್ತಿರಲಿಲ್ಲ. ಹಡಗಿನಲ್ಲಿ ಸಿಪಾಯಿಗಳು ಬಂದಿಳಿದರು. ಆಮೇಲೆ ಬೇಟೆ. ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ದಂಗೆಯ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ, ಮನೆಯವರ ಕಣ್ಣೆದುರಿಗೆ. ಇನ್ನೆಷ್ಟೋ ಜನರನ್ನು ಹಡಗು ಹತ್ತಿಸಿ ಸಿಂಗಾಪುರದ ಕಡೆಗೆ ಸಾಗಿಸಿದರು. ಅಡಿಕೆ ಸುಲಿಯುತ್ತ ಬೆಳೆದವರು, ಹೊಳೆಯಲ್ಲಿ ಪಾತಿದೋಣಿ ಬಿಟ್ಟು ಬೇರೆ ಏನೂ ಹತ್ತದವರು.

ಸೂರ್ಯ ಪೂಮಲೆಗೆ ಕೆಂಪು ಚೆಲ್ಲಿ ಇಳಿದಾಗಿದೆ. ಸೊಸೆ ಎದ್ದು ಬಲ್ಬು ಹಾಕಿದಳು. ಬುಟ್ಟಿಗಳನ್ನು ಗೋಣಿಗೆ ಸುರಿದು, ದಬ್ಬಣದಿಂದ ಬಾಯಿ ಹೊಲಿದು, ಗಂಡಸರಿಬ್ಬರು ಒಂದೊಂದೇ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಿದ್ದಾರೆ. ಮೇಲೆ ಹಲಗೆ ಕಿರ್ರೆಂದಿತು.

"ಬೆಳ್ಳಾರೆಯಲ್ಲಿ ಇವತ್ತು ಹೊಸತಕ್ಕೆ ಎಷ್ಟಿತ್ತು ಮಾಷ್ಟ್ರೇ? ಕೇಳಿದಿರಾ?"

ಕೇಳಿದ್ದೆ, ಹೇಳಿದೆ. ಗೌಡರು ಬೈರಾಸಿನಿಂದ ಕತ್ತು ಒರೆಸಿಕೊಂಡು ಅಟ್ಟದ ಕಡೆ ನೋಡಿದರು.

"ಸಾಲದು. ಇರ್ಲಿ ಮೇಲೆ, ಮಳೆ ಬರ್ಲಿ, ನೋಡುವ."